ಅಟ್ಟಕ್ಕೇರಿದ ಅರ್ಧ ಔಷಧಿ

ಮೊನ್ನೆ ಮೊಮ್ಮಗಳನ್ನು ಮದ್ದೂರಿನಲ್ಲಿ ಡಾಕ್ಟರಿಗೆ ತೋರಿಸಲು ನಾನೂ ಸೊಸೆಯೂ ಹೋಗಿದ್ದೆವು. ಹದಿನೈದರ ಹುಡುಗಿ. ತಿಂಗಳಿಂದ ತಲೆನೋವು, ಊಟ ಸೇರದು, ಕೇಳಿದರೆ ಮೂತಿ ತಿರುವುತ್ತಾಳೆ. ಡಾಕ್ಟರಮ್ಮ ಹುಡುಗಿಯನ್ನು ಕೇಳಿದರೆ ಸೊಸೆ ಉತ್ತರ ಕೊಡುತ್ತಾಳೆ. ನಿದ್ದೆ ಬರುತ್ತಾ ಅಂದರೆ ಬರುತ್ತೆ ಅಂತಾಳೆ. ಹಸಿವಾಗುತ್ತಾ ಅಂದರೆ ಇಲ್ಲ ಅಂತಾಳೆ. ಹಸಿವು ಯಾರ ಹೊಟ್ಟೇದು, ಇವಳದೋ ಅವಳದೋ! ಸ್ವಲ್ಪ ಹೊತ್ತು ನೋಡಿದ ಡಾಕ್ಟರಮ್ಮ, "ನೀವಿಬ್ಬರೂ ಒಂದು ಗಳಿಗೆ ಆಚೆ ಕೂತಿರಿ," ಅಂದಳು. ಸೊಸೆಯ ಮುಖ ಹುಣಸೆಕಾಯಿ ಕಚ್ಚಿದ ಹಾಗಾಯಿತು.

ಆಚೆ ಬೆಂಚಿನ ಮೇಲೆ ಕೂತೆವು. ಹಿಂದಿನ ಬೀದಿಯಲ್ಲಿ ಅಕ್ಕಿ ಮಿಲ್ಲು ಓಡುತ್ತಿತ್ತು. ಬಿಸಿ ತೌಡಿನ ವಾಸನೆ ಗಾಳಿಯಲ್ಲಿ ಬಂತು. ನನಗೆ ನಗು ಬಂತು.

"ಯಾಕತ್ತೆ ನಗ್ತೀರಾ? ಒಳಗೆ ಏನು ಹೇಳ್ತಾ ಅವ್ಳೋ ಅಂತ ನಂಗಿಲ್ಲಿ ಎದೆ ಹೊಡ್ಕೋತಾ ಅದೆ."

"ಹೊಡ್ಕಳ್ಲಿ ಬುಡು. ನಮ್ಮವ್ವಂಗೂ ಇದೇ ಊರಲ್ಲಿ, ಇದೇ ವಾಸ್ನೇಲಿ, ಹಿಂಗೇ ಹೊಡ್ಕಂಡಿತ್ತು," ಅಂದೆ.

ಅವಳಿಗೆ ಅಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ತಪ್ಪಿದ್ದಲ್ಲಿ ಸೊಸೆ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನನ್ನ ತವರು ಕೆರಗೋಡಿನ ಪಕ್ಕದ ಹಳ್ಳಿ. ನಾನು ಕೂಸಾಗಿದ್ದಾಗ ಅದು ರಾಗಿ ಹುರುಳಿಯ ಊರು. ಮಳೆ ಬಂದರೆ ಹಿಟ್ಟು, ಬರದಿದ್ದರೆ ಗೆಣಸು. ಆಮೇಲೆ ನಾಲೆ ಬಂತು. ನಾಲೆ ನೀರು ಮೊದಲ ಸಲ ನಮ್ಮ ಹೊಲಕ್ಕೆ ಹರಿದಾಗ ಅಪ್ಪ ನೀರಿನಲ್ಲಿ ನಿಂತು ಅಳುತ್ತಿದ್ದ ಅಂತ ಅವ್ವ ಹೇಳುತ್ತಿದ್ದಳು. ಹೊಲ ಗದ್ದೆಯಾಯಿತು, ದಿಣ್ಣೆಯೆಲ್ಲ ಕಬ್ಬಾಯಿತು. ಕಣ್ಣು ಹಾಯಿಸಿದಷ್ಟೂ ಹಸಿರು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನವನ್ನು ವಾರದ ದಿನವೂ ಉಂಡೆವು. ನೀರಿನ ಹಿಂದೆಯೇ ಸೊಳ್ಳೆ ಬಂತು. ಸೊಳ್ಳೆಯ ಹಿಂದೆ ಚಳಿಜ್ವರ.

ಆ ಜ್ವರ ಬಹಳ ನಿಯತ್ತಿನ ಜ್ವರ. ಒಂದು ದಿನ ಬಿಟ್ಟು ಒಂದು ದಿನ, ಹೇಳಿದ ಹೊತ್ತಿಗೆ ಬರುತ್ತಿತ್ತು. ಬಿಸಿಲಲ್ಲಿ ಕೂತು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಿದ್ದವರು, ಮಾರನೆಯ ದಿನ ಎದ್ದು ಗದ್ದೆಗೆ ಇಳಿಯುತ್ತಿದ್ದರು. ಊರವರು ಮುಯ್ಯಾಳನ್ನೂ ಜ್ವರ ನೋಡಿಕೊಂಡೇ ಕಟ್ಟುತ್ತಿದ್ದರು. "ನಿಂಗೆ ಇವತ್ತು ಬತ್ತದಾ? ನಂಗೆ ನಾಳೆ. ಹಂಗಾರೆ ಇವತ್ತು ನಾನು ನಿಮ್ಮ ಗದ್ದೆಗೆ ಬತ್ತೀನಿ, ನಾಳೆ ನೀನು ನಮ್ಮ ಗದ್ದೆಗೆ ಬಾ." ಇಬ್ಬರಿಗೂ ಒಂದೇ ದಿನ ಬರುವ ಜ್ವರವಾದರೆ ಮುಯ್ಯಿ ಆಗುತ್ತಿರಲಿಲ್ಲ. ಹಾಗೆ ನಾಟಿ ಮಾಡಿದ ಊರು ನಮ್ಮದು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಾನು ಹೇಳುವ ವರ್ಷ ಯುದ್ಧದ ಕಾಲ. ಯಾರಿಗೂ ಯಾರಿಗೂ ಯುದ್ಧ ಅಂತ ನಮಗೇನೂ ತಿಳಿಯದು. ಸೀಮೆಎಣ್ಣೆ ಸಿಗದು, ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತದೆ, ಜ್ವರಕ್ಕೆ ಕೊಡುವ ಕ್ವಿನೈನು ಕಡಿಮೆಯಾಗಿದೆ, ಇಷ್ಟು ಗೊತ್ತು. ನನಗೆ ಹದಿನೈದು ಇರಬೇಕು. ಕಬ್ಬಿನ ಜಲ್ಲೆಯ ಹಾಗೆ ಉದ್ದ ಬೆಳೆದಿದ್ದೆ. ಆದರೆ ಇನ್ನೂ ಮೈನೆರೆದಿರಲಿಲ್ಲ.

ನಮ್ಮಲ್ಲಿ ಲೆಕ್ಕ ಒಂದೇ. ಮೈನೆರೆದರೆ ಹೆಂಗಸು. ಅಲ್ಲಿಯವರೆಗೆ ಎಷ್ಟು ವರ್ಷವಾದರೂ, ಎಷ್ಟು ಉದ್ದವಾದರೂ ಮಗು. ಮಗುವಿನ ಜೊತೆ ಕೂತು ಉಣ್ಣಬೇಕು, ಮಗುವಿನ ಹಾಗೆ ಬೈಸಿಕೊಳ್ಳಬೇಕು. ಕೆಲಸಕ್ಕೆ ಮಾತ್ರ ಈ ಲೆಕ್ಕ ಇಲ್ಲ. ಬೆಳಗಿನ ಕೋಳಿ ಕೂಗಿದರೆ ಗದ್ದೆಗೆ ನೀರು ತಿರುಗಿಸಲು ನಾನೇ ಹೋಗಬೇಕು.

ಹೋಗುವುದು ನನಗೂ ಇಷ್ಟವಿತ್ತು ಅನ್ನಿ. ಆ ವರ್ಷದ ಮಳೆಗಾಲ ನನ್ನ ಕಣ್ಣಲ್ಲಿ ಹಾಗೇ ಇದೆ. ಬದುವಿನ ಮೇಲೆ ಕಾಲಿಟ್ಟರೆ ಕಪ್ಪೆಗಳು ಎರಡೂ ಕಡೆಗೆ ಪುಳಕ್ ಪುಳಕ್ ಅಂತ ಹಾರುವವು. ಮೋಡ ಸೊಂಟದಷ್ಟು ಕೆಳಗೆ. ತೂಬು ಎತ್ತಿದರೆ ನೀರು ಗದ್ದೆಗೆ ನುಗ್ಗುವ ಸದ್ದಿಗೆ ಬೆಳ್ಳಕ್ಕಿಗಳು ಒಟ್ಟಿಗೆ ಏಳುವವು. ನಾನು ಮಂಡಿವರೆಗೆ ಕೆಸರಲ್ಲಿ ನಿಂತು ಬೆಲ್ಲದ ಚೂರು ಚೀಪುತ್ತಿದ್ದೆ. ಬೆಲ್ಲ ಬಾಯಲ್ಲಿ ಇರುವಾಗಲೇ ಬೆನ್ನಿನಲ್ಲಿ ಚಳಿ ಶುರುವಾಗುತ್ತಿತ್ತು.

ಊರಿಗೆಲ್ಲ ಜ್ವರ ಬಂತು, ಹೋಬಳಿಯಿಂದ ಔಷಧಿ ತಂದು ಕುಡಿದರು, ಹೋಯಿತು. ನನ್ನದು ಹೋಗಲಿಲ್ಲ. ಮುಖ ಸುಣ್ಣವಾಯಿತು. ಕೈಕಾಲು ಸೌದೆಯಾಯಿತು. ಹೊಟ್ಟೆ ಮಾತ್ರ ಮುಂದಕ್ಕೆ ಬಂತು.

ನಮ್ಮ ಮನೆಯಲ್ಲಿ ಔಷಧಿ ಕೊಡುವುದು ಚಿಕ್ಕತಾಯಮ್ಮತ್ತೆ. ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಮನೆಯ ಬೀಗದ ಕೈ, ಉಪ್ಪಿನ ಮಡಕೆ, ಅಪ್ಪನ ಕಿವಿ ಮೂರೂ ಅವಳ ಹತ್ತಿರ. ಆಗಿನ ಔಷಧಿ ಬಾಟಲಿಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಒಂದು ಸಲಕ್ಕೆ ಒಂದು ಹಲ್ಲು. ಓದು ಬಾರದವರಿಗೂ ತಿಳಿಯಲಿ ಅಂತ. ಅತ್ತೆ ನನಗೆ ಅರ್ಧ ಹಲ್ಲು ಕೊಡುತ್ತಿದ್ದಳು.

"ಅತ್ತೆ, ಎಲ್ರಿಗೂ ಒಂದು ಹಲ್ಲು ಅಲ್ವಾ?"

"ನೀನು ಎಲ್ರಂಗೆ ದೊಡ್ಡೋಳಾ? ಮೈನೆರೀದ ಮಗ ನೀನು. ಈ ಕಹಿ ನೀರು ಮೈಗೆ ಕಾವು ಕಣೇ. ಪೂರ್ತಿ ಕುಡುದ್ರೆ ಗರ್ಭ ಒಣಗೋಯ್ತದೆ. ಆಮ್ಯಾಕೆ ಬಂಡೂರ್ನೋರು ನನ್ನ ತಲೆ ತಿಂತಾರೆ."

ಬಂಡೂರಿನವರು ಅಂದರೆ ನನ್ನನ್ನು ಕೇಳಿದ್ದ ಸಂಬಂಧ. ಮಳವಳ್ಳಿ ಕಡೆಯವರು. ಹೊಲವೂ ಇತ್ತು, ಕುರಿಯೂ ಇತ್ತು. ಅತ್ತೆಯೇ ಹುಡುಕಿದ ಸಂಬಂಧ ಅದು. ನನ್ನ ಗರ್ಭ ಕಾಯಲು ಅವಳು ನನ್ನ ಔಷಧಿಯ ಅರ್ಧವನ್ನು ಬೇರೆ ಬಾಟಲಿಗೆ ಬಗ್ಗಿಸಿ ಅಟ್ಟದ ಮೇಲೆ ಇಡುತ್ತಿದ್ದಳು. ದೊಡ್ಡವಳಾದ ಮೇಲೆ ಕುಡಿಯಲಿ ಅಂತ. ಕ್ವಿನೈನು ಸಿಗದ ಕಾಲದಲ್ಲಿ ಚೆಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. "ನಿಮ್ಮವ್ವಂಗೆ ಯೋಳ್ಬ್ಯಾಡ. ಅವ್ಳಿಗೆ ಇವೆಲ್ಲ ತಿಳ್ಯಲ್ಲ," ಅಂದಿದ್ದಳು. ನಾನು ಹೇಳಲಿಲ್ಲ. ಅವಳ ಮಾತು ಮೀರಿ ಬದುಕುವುದು ಆ ಮನೆಯಲ್ಲಿ ಯಾರಿಗೂ ಆಗದು.

ನಾಟಿ ಮುಗಿದು ಪೈರು ಕರಿಹಸಿರಿಗೆ ತಿರುಗಿದ್ದಾಗ ಬಂಡೂರಿನ ಹುಡುಗನ ತಾಯಿ ನನ್ನನ್ನು ನೋಡಲು ಬಂದಳು. ಕುರಿ ಸಾಕಿದ ಕೈ. ಬಂಡೂರು ಕುರಿಯನ್ನು ಕೊಳ್ಳುವವರು ಮೊದಲು ಬೆನ್ನು ಒತ್ತಿ ನೋಡುತ್ತಾರೆ. ಆಯಮ್ಮ ನನ್ನನ್ನೂ ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದಳು, ತೋಳು ಹಿಡಿದಳು, ಹೊಟ್ಟೆಗೆ ಬಂದಾಗ ಕೈ ನಿಂತಿತು.

"ಚಿಕ್ತಾಯವ್ವ, ಇದೇನವ್ವ ಇದು?"

"ಜ್ವರದ ಗಡ್ಡೆ ಕಣವ್ವ. ಔಷ್ದಿ ಕೊಡ್ತಾ ಇವ್ನಿ."

"ನಮ್ಮೂರಲ್ಲೂ ಜ್ವರದ ಗಡ್ಡೆ ಅವೆ. ಔಷ್ದಿ ಕುಡುದ್ರೆ ಕರುಗ್ತವೆ. ಇದು ಬೆಳ್ದದಲ್ಲ!"

ಎದ್ದಳು. ಎಲೆಅಡಿಕೆ ತಟ್ಟೆಯನ್ನು ಮುಟ್ಟಲೂ ಇಲ್ಲ. ಜಗಲಿ ಇಳಿಯುವಾಗ ಬೀದಿಗೆ ಕೇಳುವ ಹಾಗೆ, "ಗಬ್ಬದ ಕುರಿ ಕೊಡಾಕೆ ನಮ್ಮನೇನೇ ಸಿಕ್ತಾ?" ಅಂದು ಹೋದಳು.

ಸಂಜೆಯ ಹೊತ್ತಿಗೆ ಬಾವಿಕಟ್ಟೆಯಲ್ಲಿ ನಾನು ಬಸುರಿಯಾಗಿದ್ದೆ. ಮೈನೆರೆಯದವಳು ಹೇಗೆ ಬಸುರಿ ಅಂದರೆ, "ನೆರ್ದಿರ್ತಾಳೆ, ಮುಚ್ಚಿಟ್ಟವ್ರೆ," ಅಂದರು. ಗಂಡು ಯಾರು ಅಂದರೆ, ನಾಲೆಯ ನೀರುಗಂಟಿ ಅಂದರು. ಬೆಳಗಿನ ಜಾವ ತೂಬಿನ ಹತ್ತಿರ ಅವನ ಜೊತೆ ಮಾತಾಡುತ್ತೇನಂತೆ. ಆ ನೀರುಗಂಟಿಗೆ ಮುಂದಿನ ಹಲ್ಲು ಒಂದೂ ಇರಲಿಲ್ಲ. ನೀರು ಬಿಡಲ್ಲ ಅಂತ ಅವನನ್ನು ನಾನು ಬಯ್ಯುತ್ತಿದ್ದುದೇ ಮಾತು. ಔಷಧಿ ಅಳೆಯುವಾಗ ಮಗು, ಊರವರು ಬಾಯಿ ಬಿಟ್ಟಾಗ ಹೆಂಗಸು. ಎರಡೂ ನಾನೇ.

ಅಪ್ಪ ನನ್ನ ಜೊತೆ ಮಾತು ಬಿಟ್ಟ. ಹೊಡೆದಿದ್ದರೆ ವಾಸಿಯಿತ್ತು. ಅತ್ತೆ ಮೊದಲು ಊರವರನ್ನು ಬೈದಳು. ಆಮೇಲೆ ಅವಳಿಗೇ ಅನುಮಾನ ಹತ್ತಿತು. ಔಷಧಿ ಕೊಟ್ಟೂ ಹೋಗದ ಗಡ್ಡೆ ಗಡ್ಡೆಯಾ? ತಾನು ಕೊಟ್ಟಿದ್ದು ಅರ್ಧ ಅನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ. ಮಗುವಿಗೆ ಅರ್ಧವೇ ಪೂರ್ತಿ ಅಂತ ಅವಳ ನಂಬಿಕೆ. ಪಕ್ಕದ ಊರಿನ ಸೂಲಗಿತ್ತಿಗೆ ಹೇಳಿ ಕಳಿಸಿದಳು. ಅಮಾವಾಸ್ಯೆ ದಿನ ಬಂದು ಬೇರಿನ ಕಷಾಯ ಕುಡಿಸಿ, ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿ ಇಳಿಸುವುದು ಅಂತ ಮಾತಾಯಿತು. ಹಿಂದೆ ಅಂಥ ಕಷಾಯ ಕುಡಿದ ಒಬ್ಬಳನ್ನು ಮಣ್ಣು ಮಾಡಿದ್ದನ್ನು ನಾನು ನೋಡಿದ್ದೆ. ಇನ್ನು ನನ್ನ ಸರದಿ ಅಂತ ಗೊತ್ತಾಯಿತು. ಸಾಯುವ ಭಯಕ್ಕಿಂತ, ಇವರೆಲ್ಲ ನಂಬಿದರಲ್ಲ ಅನ್ನುವ ಸಿಟ್ಟು ಹೆಚ್ಚಿತ್ತು.

ನಮ್ಮವ್ವ ಜವರಮ್ಮ. ಅತ್ತಿಗೆಗೆ ಎದುರು ಮಾತಾಡಿದವಳಲ್ಲ. ಆ ದಿನ ಒಲೆ ಊದುತ್ತಿದ್ದವಳು ಊದುಕೊಳವೆ ಕೆಳಗಿಟ್ಟು, "ಅತ್ಗೆ, ಅಮಾಸೆಗೆ ಮುಂಚೆ ಒಂದ್ಸಲ ಡಾಕ್ಟ್ರಿಗೆ ತೋರುಸ್ಬುಡವ," ಅಂದಳು.

"ಮಂಡ್ಯದ ಡಾಕ್ಟ್ರಿಗೆ ತೋರುಸುದ್ರೆ ನೆಂಟ್ರು ನೋಡ್ತಾರೆ ಕಣೆ. ಇರೋ ಮಾನಾನೂ ಓಯ್ತದೆ."

"ಮದ್ದೂರಿಗೆ ಓಗವ. ಅಲ್ಲಿ ನಮ್ಮೋರು ಯಾರೂ ಇಲ್ಲ."

"ನಾನೂ ಬತ್ತೀನಿ. ನೀವಿಬ್ರೆ ಓದ್ರೆ ಅವ್ರು ಯೋಳಿದ್ಕೆಲ್ಲ ತಲೆ ಆಡುಸ್ಕಂಡು ಬತ್ತೀರಿ."

ಕೆರಗೋಡಿನಿಂದ ಇದ್ದಿಲ ಬಸ್ಸು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಬಸುರಿ ಅಂತ ಅಂದುಕೊಂಡಿದ್ದ ಅತ್ತೆ ನನ್ನ ಕೈಯಲ್ಲೂ ತಳ್ಳಿಸಿದಳು. ಮಂಡ್ಯದಲ್ಲಿ ರೈಲು. ಟಿಕೀಟಿನ ಕಿಂಡಿಯಲ್ಲಿ ಗುಮಾಸ್ತ ನನ್ನ ಉದ್ದ ನೋಡಿ ಪೂರ್ತಿ ಟಿಕೀಟು ಅಂದ. ಅತ್ತೆ ಕಿಂಡಿಯೊಳಗೆ ತಲೆ ತೂರಿಸಿ, "ಅಯ್ಯೋ ಸಾಮಿ, ಮಗ ಕಣಪ್ಪ ಅದು, ಇನ್ನೂ ಮೈನೆರ್ದಿಲ್ಲ!" ಅಂತ ಇಡೀ ಟೇಸನ್ನಿಗೆ ಸಾರಿದಳು. ಹಿಂದೆ ನಿಂತವರು ನಕ್ಕರು. ಅವ್ವನೂ ಸೆರಗು ಬಾಯಿಗೆ ಇಟ್ಟುಕೊಂಡಳು. ಊರಲ್ಲಿ ಬಸುರಿ, ರೈಲಲ್ಲಿ ಕೂಸು. ಅರ್ಧ ಟಿಕೀಟಿನಲ್ಲೇ ಹೋದೆ.

ಮದ್ದೂರಿನ ಡಾಕ್ಟರು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಪಕ್ಕದಲ್ಲೇ ಅಕ್ಕಿ ಮಿಲ್ಲು. ಗೋಡೆ ಸದಾ ನಡುಗುತ್ತಿತ್ತು. ಆಗೆಲ್ಲ ಇದಕ್ಕೊಬ್ಬ ಅದಕ್ಕೊಬ್ಬ ಡಾಕ್ಟರಿರಲಿಲ್ಲ. ಹಸುಗೂಸಿನಿಂದ ಹಿಡಿದು ಹಲ್ಲು ಬಿದ್ದವರತನಕ ಅವರೊಬ್ಬರೇ. ಕೆಂಪು ರುಮಾಲು, ಕರಿ ಕೋಟು, ಕೋಟಿನ ತೋಳಿಗೆ ತೇಪೆ. ನನ್ನನ್ನು ಮುಂದೆ ಕೂರಿಸಿಕೊಂಡು ಕೇಳಿದರು. "ಏನಮ್ಮ ನಿನಗೆ ಆಗೋದು?"

"ವಟ್ಟೆ ಬಂದದೆ ಸಾಮಿ," ಅತ್ತೆ ಅಂದಳು.

"ಜ್ವರ ಬರುತ್ತಾ?"

"ಬತ್ತದೆ ಸಾಮಿ, ಆದ್ರೆ ಔಷ್ದಿ ಕೊಟ್ಟಿವ್ನಿ," ಅತ್ತೆ ಅಂದಳು.

"ನಾಲಗೆ ತೋರಿಸು."

ನಾನು ಬಾಯಿ ತೆಗೆಯುವುದರೊಳಗೆ ಅತ್ತೆ, "ನಾಲ್ಗೆ ಬೆಳ್ಗಾಗದೆ ಸಾಮಿ," ಅಂದಳು.

ಡಾಕ್ಟರು ಅತ್ತೆಯ ಕಡೆ ತಿರುಗಿ ಕೈ ಮುಗಿದರು. "ತಾಯಿ, ಕಾಯಿಲೆ ನಿಮಗೋ ಇವಳಿಗೋ? ಇಬ್ಬರೂ ಆಚೆ ಜಗಲಿ ಮೇಲೆ ಕೂತಿರಿ."

"ಎಣ್ಣು ಮಗೀನ ಗಂಡ್ಸಿನ ತಾವ ಒಂದೇ ಬುಟ್ಟು ನಾವು ಆಚ್ಗಾ?"

"ಬಾಗಿಲು ಪೂರ್ತಿ ತೆಗೆದೇ ಇರುತ್ತೆ. ನಿಮ್ಮ ಕಣ್ಣು ಒಳಗಿರಲಿ. ಕಿವಿ ಆಚೆ ಇರಲಿ."

ಅವ್ವ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಬಾಗಿಲ ಎದುರಿನ ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಮಿಲ್ಲಿನ ಸದ್ದಿನಲ್ಲಿ ಒಂದು ಮಾತೂ ಅವರಿಗೆ ಕೇಳದು. ಅತ್ತೆ ನಮ್ಮ ತುಟಿ ನೋಡುತ್ತಾ ತನ್ನ ತುಟಿ ಆಡಿಸುತ್ತಿದ್ದಳು.

ನನ್ನನ್ನು ಆವತ್ತಿನವರೆಗೆ ಯಾರೂ ಹಾಗೆ ಒಬ್ಬಳನ್ನೇ ಕೂರಿಸಿ ಕೇಳಿರಲಿಲ್ಲ. ಡಾಕ್ಟರು ಅವಸರ ಮಾಡಲಿಲ್ಲ. ಗದ್ದೆಗೆ ಯಾವ ಭತ್ತ ಹಾಕಿದ್ದೀರಿ ಅಂದರು. ಹೇಳಿದೆ. ನೀರು ಸರಿಯಾಗಿ ಬಿಡುತ್ತಾರಾ ಅಂದರು. ನೀರುಗಂಟಿಯನ್ನು ಬೈದೆ. ನಕ್ಕರು. ಆಮೇಲೆ ದನಿ ಬದಲಿಸದೆ, "ಯಾರಾದರೂ ನಿನ್ನ ಮೈ ಮುಟ್ಟಿದ್ದಾರಾ? ಮುಟ್ಟಿದ್ದರೆ ತಪ್ಪು ನಿನ್ನದಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ," ಅಂದರು.

"ಇಲ್ಲ ಸಾಮಿ. ಮುಟ್ಟುದ್ರೆ ಕುಡ್ಗೋಲು ಇತ್ತು ನನ್ನ ಸೊಂಟದಲ್ಲಿ."

"ಸರಿ. ಔಷಧಿ ಯಾರು ಕೊಡ್ತಾರೆ? ಎಷ್ಟು?"

ನಾನು ಜಗಲಿಯ ಕಡೆ ನೋಡಿದೆ. ಅತ್ತೆಯ ತುಟಿ ಆಡುತ್ತಲೇ ಇತ್ತು. "ಅರ್ಧ ಹಲ್ಲು," ಅಂದೆ.

"ಇನ್ನರ್ಧ?"

"ಅಟ್ಟದ ಮ್ಯಾಲೆ. ದೊಡ್ಡೋಳಾದ ಮ್ಯಾಲೆ ಕುಡ್ಯಾಕೆ."

ಅವರು ನಗಲಿಲ್ಲ. ಮೇಜಿನ ಮೇಲೆ ಮಲಗಿಸಿ, ಎಡಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಬೆರಳಿಟ್ಟು ನೋಡಿದರು. ನನ್ನ ಕೈಯನ್ನೇ ತೆಗೆದುಕೊಂಡು ಅಲ್ಲಿ ಇಡಿಸಿದರು. ಒಳಗೆ ಗಟ್ಟಿ ಅಂಚು ಸಿಕ್ಕಿತು.

"ಸಿಕ್ಕಿತಾ? ಬಸಿರು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತೆ. ಇದು ಪಕ್ಕೆಯಿಂದ ಕೆಳಕ್ಕೆ ಇಳಿದಿದೆ, ಜ್ವರಕ್ಕೆ ಊದಿದ ಗುಲ್ಮ. ಜ್ವರದ ಗಡ್ಡೆ. ಇದಿರುವವರೆಗೆ, ಮೈಯಲ್ಲಿ ರಕ್ತ ಇಲ್ಲದಿರುವವರೆಗೆ, ಮೈನೆರೆಯೋದೂ ತಡ ಆಗುತ್ತೆ. ನಿನಗೆ ಮಗುವಿನ ಅಳತೆ ಸಾಲದು. ನಿನ್ನ ತೂಕಕ್ಕೆ ದೊಡ್ಡವರ ಅಳತೆಯೇ ಬೇಕು."

ಎರಡನೇ ಕ್ಲಾಸಿನಲ್ಲಿ ಕಲಿತಿದ್ದೆಲ್ಲ ಮರೆತಿದ್ದೇನೆ. ಈ ಪಾಠ ಮರೆತಿಲ್ಲ.

ಆಮೇಲೆ ಅವರು ಕೇಳಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು. "ಆಚೆ ಇರೋರಿಗೆ ಏನು ಹೇಳಲಿ, ಏನು ಬಿಡಲಿ?"

ನಾನು ಯೋಚನೆ ಮಾಡಿದೆ. "ಗಡ್ಡೆ ಅಂತ ಯೋಳಿ. ವಟ್ಟೆ ತಿಕ್ಕಾಕೆ ಅಮಾಸೆಗೆ ಸೂಲಗಿತ್ತಿ ಬತ್ತಾಳೆ, ಅದು ಬ್ಯಾಡ ಅನ್ನಿ. ಅರ್ಧದ್ದು ಮಾತ್ರ ಯೋಳ್ಬ್ಯಾಡಿ. ನಾನು ಆ ಮನೇಲೇ ಇರ್ಬೇಕು."

ತಿಕ್ಕುವ ಮಾತು ಕೇಳಿ ಅವರ ಮುಖ ಬಿಗಿಯಿತು. ಇಬ್ಬರನ್ನೂ ಒಳಗೆ ಕರೆದರು. "ಜ್ವರದ ಗಡ್ಡೆ. ಬೇರೇನೂ ಅಲ್ಲ. ಇವಳ ಹೊಟ್ಟೆಯನ್ನು ಯಾರಾದರೂ ಒತ್ತಿದರೆ, ತಿಕ್ಕಿದರೆ, ಒಳಗೇ ಒಡೆದು ಅವತ್ತೇ ಸಾಯ್ತಾಳೆ. ಕಷಾಯ ಗಿಷಾಯ ಏನೂ ಇಲ್ಲ. ಕೇಳಿಸ್ತಾ ತಾಯಿ?" ಅಂದರು. ನಾವು ತಲೆ ಆಡಿಸುತ್ತೇವೆ ಅಂದಿದ್ದ ಅತ್ತೆಯೇ ತಲೆ ಆಡಿಸಿದಳು.

ಡಾಕ್ಟರು ಬಾಟಲಿಯಲ್ಲಿ ಔಷಧಿ ಕಲಸಿ, ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದರು. ಅತ್ತೆ ಕೈ ಚಾಚಿದಳು. ಅವರು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

"ಇದು ಇವಳ ಹತ್ತಿರವೇ ಇರುತ್ತೆ. ಇವಳೇ ಬಗ್ಗಿಸಿಕೊಂಡು ಕುಡೀತಾಳೆ. ನೀರು ತಿರುಗಿಸೋ ಹುಡುಗಿಗೆ ಒಂದು ಹಲ್ಲು ಅಳೆಯೋಕೆ ಬರಲ್ವಾ?"

ಅಷ್ಟೇ. ಅರ್ಧದ ಮಾತು ಅವರ ಬಾಯಿಂದ ಬರಲೇ ಇಲ್ಲ. ಮಾತು ಉಳಿಸಿಕೊಂಡ ಗಂಡಸು ಅಂತ ನಾನು ಈ ಜನ್ಮದಲ್ಲಿ ಲೆಕ್ಕ ಇಟ್ಟಿರುವ ಕೆಲವರಲ್ಲಿ ಆತ ಮೊದಲನೆಯವರು.

ರೈಲಿನಲ್ಲಿ ಇಡೀ ದಾರಿ ಬಾಟಲಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ. ಮನೆಯಲ್ಲಿ ತಲೆದಿಂಬಿನ ಹತ್ತಿರ ಇಟ್ಟುಕೊಂಡೆ. ಹಲ್ಲಿಗೆ ಉಗುರಿಟ್ಟು ಅಳೆದು ಪೂರ್ತಿ ಕುಡಿದೆ. ಆ ಕಹಿ ಅಂಥಿಂಥ ಕಹಿ ಅಲ್ಲ. ಕಿವಿಯಲ್ಲಿ ಹಗಲೆಲ್ಲ ಜೀರುಂಡೆ ಕೂಗಿದವು. ಅತ್ತೆ ಏನು ಬೈದಳೋ ಸರಿಯಾಗಿ ಕೇಳಿಸಲಿಲ್ಲ. ಅದೂ ಒಂದು ಲಾಭ. ಅಮಾವಾಸ್ಯೆಗೆ ಸೂಲಗಿತ್ತಿ ಬಂದಳು. ಅವ್ವ ಬಾಗಿಲಲ್ಲೇ ಅವಳಿಗೆ ಮೊರದಲ್ಲಿ ರಾಗಿ ಕೊಟ್ಟು, ಒಳಗೆ ಬಿಡದೆ ಕಳಿಸಿದಳು.

ಒಂದು ದಿನ ಚಳಿ ಬರಬೇಕಾದ ಹೊತ್ತಿಗೆ ಕಂಬಳಿ ಹಾಸಿಕೊಂಡು ಕಾದು ಕೂತೆ. ಬರಲಿಲ್ಲ. ನೆಂಟರು ಬರುತ್ತೇನೆಂದು ಬಾರದಿದ್ದರೆ ಹೇಗೋ ಹಾಗೆ, ಏನು ಮಾಡಬೇಕೋ ತೋಚಲಿಲ್ಲ. ಎದ್ದು ಗದ್ದೆಗೆ ಹೋದೆ. ಭತ್ತದ ಕಾಳಿನಲ್ಲಿ ಹಾಲು ತುಂಬಿತ್ತು. ಆ ಸಂಜೆಯ ಬಿಸಿಲು, ಆ ಹಾಲಿನ ವಾಸನೆ, ನಾಲೆ ಏರಿಯ ಮೇಲೆ ದನಗಳ ಗೊರಸಿನ ಧೂಳು. ನಾನು ಸಾಯುವುದರಲ್ಲಿದ್ದ ವರ್ಷ ಅದು. ಆದರೂ ಒಂದು ವರ್ಷ ವಾಪಸ್ಸು ಕೊಡುತ್ತೇನೆ, ಯಾವುದು ಬೇಕು ಅಂತ ದೇವರು ಕೇಳಿದರೆ ನಾನು ಅದನ್ನೇ ಕೇಳುತ್ತೇನೆ.

ಸುಗ್ಗಿಯ ಹೊತ್ತಿಗೆ ಹೊಟ್ಟೆ ಇಳಿದು ಬೆನ್ನಿಗೆ ಅಂಟಿತ್ತು. ಬಾವಿಕಟ್ಟೆಯ ಹೆಂಗಸರು ನನ್ನ ಸೊಂಟ ನೋಡಿ ಕೊಡದ ಕಡೆ ಮುಖ ತಿರುಗಿಸಿದರು. ಒಬ್ಬಳೂ ತಪ್ಪಾಯಿತು ಅನ್ನಲಿಲ್ಲ. ಅನ್ನುವ ಜನವೂ ಅಲ್ಲ ನಮ್ಮದು. ಅಪ್ಪ ಕಣದಲ್ಲಿ, "ಸಣ್ಣಿ, ನೀರು ತತ್ತಾ," ಅಂದ. ಅಷ್ಟು ದಿನದ ಮೇಲೆ ಅವನ ಮೊದಲ ಮಾತು ಅದು. ನಾನು ತಂದುಕೊಟ್ಟೆ. ಬಂಡೂರಿನವರು ಮತ್ತೆ ಬರಲಿಲ್ಲ. ಒಳ್ಳೆಯದೇ ಆಯಿತು. ಆ ಕೈಗೆ ನಾನು ಜೀವಮಾನವೆಲ್ಲ ಬೆನ್ನು ಕೊಡಬೇಕಿತ್ತು.

ಒಕ್ಕಣೆ ಮುಗಿದು ಕೆಲವು ದಿನಕ್ಕೆ ನಾನು ಮೈನೆರೆದೆ. ಹಿತ್ತಿಲಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿ ಕೂರಿಸಿದರು. ಕೊಬ್ಬರಿ, ಬೆಲ್ಲ, ಎಳ್ಳು ತಿನ್ನಿಸಿದರು. ಆ ವಾರ ಅತ್ತೆಗೇ ಚಳಿಜ್ವರ. ಕಂಬಳಿ ಹೊದ್ದು ನಡುಗುತ್ತಲೇ ಅಟ್ಟ ಹತ್ತಿದಳು. ಸೆರಗಿನಲ್ಲಿ ಧೂಳು ಒರೆಸುತ್ತಾ ಸಾಲಾಗಿ ಬಾಟಲಿಗಳನ್ನು ಇಳಿಸಿ ತಂದು ಗುಡ್ಲಿನ ಮುಂದೆ ಇಟ್ಟಳು. ಮುಖದಲ್ಲಿ ಏನು ಹೆಮ್ಮೆ!

"ತಕೋ. ನಿಂಗೇಂತ ಜ್ವಾಪಾನ ಮಾಡಿದ್ದೆ. ಈಗ ದೊಡ್ಡೋಳಾದೆ. ಇನ್ನು ಕುಡಿ."

ಅವ್ವ ಒಂದು ಬಾಟಲಿ ಎತ್ತಿ ಮೂಗಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು. ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ನಾನು ಹೇಳಿರಲಿಲ್ಲ, ಡಾಕ್ಟರು ಹೇಳಿರಲಿಲ್ಲ. ಅತ್ತೆಯೇ ತಂದು ಮುಂದೆ ಇಟ್ಟಿದ್ದಳು. ಅವ್ವನಿಗೆ ಎಲ್ಲ ತಿಳಿಯಿತು ಅಂತ ನನಗೂ ತಿಳಿಯಿತು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಒಳಗೆ ಹೋಗಿ ಲೋಟ ತಂದಳು. ನನ್ನ ತಲೆದಿಂಬಿನ ಹತ್ತಿರವಿದ್ದ ಡಾಕ್ಟರ ಬಾಟಲಿಯನ್ನೂ ತಂದು, ಅದರ ಪಟ್ಟಿಗೆ ಅಟ್ಟದ ಬಾಟಲಿಯನ್ನು ತಾಗಿಸಿ ಹಿಡಿದು, ಒಂದು ಹಲ್ಲು ಪೂರ್ತಿ ಅಳೆದು ಬಗ್ಗಿಸಿದಳು. ನಡುಗುತ್ತಿದ್ದ ಅತ್ತೆಯ ಕೈಗೆ ಲೋಟ ಕೊಟ್ಟಳು.

"ನೀನು ದೊಡ್ಡೋಳಾಗಿ ಬೋ ಕಾಲ ಆಯ್ತಲ್ಲ ಅತ್ಗೆ. ನೀನೇ ಕುಡಿ. ಅರ್ಧ ಬುಡ್ಬ್ಯಾಡ."

ಅತ್ತೆ ಅವ್ವನ ಮುಖ ನೋಡಿದಳು. ಮತ್ತೆ ಬಾಟಲಿಗಳ ಸಾಲು ನೋಡಿದಳು. ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಕುಡಿದಳು.

ಪೂರ್ತಿ.